ಎರಡು ಮನೆ, ಒಂದು ಪ್ರಿಂಟರು, ಒಂದು ಲಟ್ಟಣಿಗೆ

ಮನೆಗೆ ಬಣ್ಣ ಹೊಡೆಸುವುದೆಂದರೆ ಇಷ್ಟು ವರ್ಷ ಬೀರುವಿನ ಹಿಂದೆ ತಳ್ಳಿಟ್ಟದ್ದನ್ನೆಲ್ಲ ಹಗಲು ಬೆಳಕಿಗೆ ತೆಗೆಯುವುದು. ಮೊನ್ನೆ ಪಡಸಾಲೆಯ ಬೀರು ಸರಿಸಿದಾಗ ಹಲ್ಲು ಮುರಿದ ಒಂದು ಬಾಚಣಿಗೆ ಸಿಕ್ಕಿತು, ಜೊತೆ ತಪ್ಪಿದ ಒಂದು ಓಲೆ ಸಿಕ್ಕಿತು. ಅವುಗಳ ಹಿಂದೆ, ಗೋಡೆಯಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಬಟ್ಟೆಯ ಚಿಂದಿ ತುರುಕಿದ ಆ ತೂತು.

ಪೇಂಟರ್ ಹನುಮಂತಪ್ಪ ಆವರಗೆರೆಯವನು. ಗೋಡೆಯ ಮೇಲೆ ಒಂದು ಗೀರು ಕಂಡರೂ ತನಗೇ ಗಾಯವಾದಂತೆ ಮುಖ ಮಾಡುತ್ತಾನೆ. ಬಗ್ಗಿ ನೋಡಿದ. "ಇದೇನ್ರಿ ಅಮ್ಮಾರೆ, ಹೆಗ್ಗಣ ಕೊರದೈತಾ?"

"ಹೆಗ್ಗಣ ಅಲ್ಲಪ್ಪ, ನಮ್ಮ ಯಜಮಾನ್ರು ಕೊರೆದದ್ದು."

ಅವನು ನಗಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ನಗಲಿಲ್ಲ. "ಮುಚ್ಚಿ ಬಿಡ್ಲೇನ್ರಿ? ಒಂದು ಮುಷ್ಟಿ ಪುಟ್ಟಿ ಸಾಕು, ಇಲ್ಲಿ ತೂತು ಇತ್ತು ಅಂತ ಯಾರಿಗೂ ಗೊತ್ತಾಗಂಗಿಲ್ಲ."

'ಹೂಂ' ಎನ್ನುವುದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಯಾರಿಗೂ ಗೊತ್ತಾಗುವುದಿಲ್ಲ ಎಂದನಲ್ಲ, ಆ ಮಾತು ಕೇಳಿ ಹಿಂದಕ್ಕೆ ಹೋಯಿತು. "ಚಾ ಕುಡ್ಕೊಂಡು ಬಾರಪ್ಪ, ಆಮೇಲೆ ಹೇಳ್ತೀನಿ" ಎಂದು ಅವನನ್ನು ಹೊರಗೆ ಕಳಿಸಿ ಆ ತೂತಿನ ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಬಣ್ಣ ಹೊಡೆಸುತ್ತಿರುವ ಮನೆಯಲ್ಲಿ ಹೆಂಗಸೊಬ್ಬಳು ಹೀಗೆ ಗೋಡೆ ನೋಡುತ್ತ ಕೂತರೆ ನೋಡಿದವರು ಏನೆಂದುಕೊಳ್ಳಬೇಕು? ಅಂದುಕೊಳ್ಳಲಿ. ಒಂದು ಕಾಲದಲ್ಲಿ ಗೋಡೆಯಾಚೆ ನನ್ನ ಶಮ್ಶಾದ್ ಉಳಿಯುತ್ತಾಳೋ ಗಂಟುಮೂಟೆ ಕಟ್ಟುತ್ತಾಳೋ ಎಂಬ ಮಾತು ಈ ತೂತಿನಲ್ಲಿ ಹಾದುಹೋಗುತ್ತಿದ್ದ ಒಂದು ಕೇಬಲಿಗೆ ನೇತುಬಿದ್ದಿತ್ತು.

ಎಂಬತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ಜನ ಇನ್ನೂ ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಎಂದರೆ ತಣ್ಣನೆಯ ಕೋಣೆಯಲ್ಲಿ ಕೂತಿರುವ, ಹೊರಗೆ ಚಪ್ಪಲಿ ಬಿಟ್ಟು ದರ್ಶನ ಪಡೆಯಬೇಕಾದ ದೇವರು. ಅಂಥ ದೇವರನ್ನು ನಮ್ಮವರು ಪಡಸಾಲೆಗೇ ತಂದು, ನನ್ನ ಹೊಲಿಗೆ ಮಷೀನಿನ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಹೊಲಿಗೆ ಮಷೀನು ಅಡುಗೆಮನೆಗೆ ಹೋಯಿತು. ನಾನು ಒಗ್ಗರಣೆ ವಾಸನೆಯ ರವಿಕೆಗಳನ್ನು ಹೊಲಿಯತೊಡಗಿದೆ.

ಮಂಡಿಪೇಟೆಯ ವ್ಯಾಪಾರಿಗಳ ಸ್ಟಾಕು ಪಟ್ಟಿಗಳನ್ನು ಅಚ್ಚು ಹಾಕಿಕೊಡುವುದು ನಮ್ಮವರ ಕೆಲಸ. ಅದರಲ್ಲಿ ಅವರ ಪಾಲುದಾರ ಪಕ್ಕದ ಮನೆಯ ಅನ್ವರ್, ಶಮ್ಶಾದಳ ಗಂಡ. ಅನ್ವರನ ಮನೆತನದವರೆಲ್ಲ ಬಟ್ಟೆ ವ್ಯಾಪಾರದವರು. ಗಜಕಡ್ಡಿ ಬಿಟ್ಟು ಕೀಬೋರ್ಡು ಹಿಡಿದವನು ಇವನೊಬ್ಬನೇ. ಹೀಗಾಗಿ ಮನೆಯಲ್ಲಿ ಇವನ ಮಾತು ಬಂದಾಗಲೆಲ್ಲ ಹಿರಿಯರು ಒಂದು ಉಸಿರು ಬಿಟ್ಟೇ ಮುಂದಿನ ಮಾತಾಡುತ್ತಿದ್ದರು. ಇಬ್ಬರೂ ಸೇರಿ ಒಂದು ಪ್ರಿಂಟರ್ ಕೊಂಡಿದ್ದರು. ಎರಡೂ ಅಂಚಿಗೆ ತೂತುಗಳಿರುವ, ಮಡಿಕೆ ಮಡಿಕೆಯಾಗಿ ಬರುವ ಉದ್ದ ಕಾಗದ ಅದಕ್ಕೆ. ಅದು ಅಚ್ಚು ಹಾಕುವಾಗ ಕೊಡದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ಅಂಚಿನ ಪಟ್ಟಿ ಹರಿದು ಬಿಸಾಡುತ್ತಿದ್ದರು, ನಾನು ಎತ್ತಿಟ್ಟುಕೊಂಡು ಡಬ್ಬಿಗಳಿಗೆ ಹೆಸರು ಬರೆದು ಅಂಟಿಸುತ್ತಿದ್ದೆ. ಆ ಕಾಲದ ನಮ್ಮ ಮನೆಯ ಉದ್ದಿನಬೇಳೆ, ಕಡಲೆಬೇಳೆಗಳಿಗೆಲ್ಲ ಒಂದೊಂದು ತೂತುಪಟ್ಟಿ ಇರುತ್ತಿತ್ತು.

ಅಷ್ಟರಲ್ಲಿ ಅನ್ವರ್ ಬೆಂಗಳೂರಿನಿಂದ ಒಂದು ದೊಡ್ಡ ಕಂಪ್ಯೂಟರ್ ತಂದ. ಯಾರೋ ಬಳಸಿ ಬಿಟ್ಟದ್ದು. ಬಾಗಿಲಲ್ಲಿ ಹಿಡಿಸದೆ ಕದ ಕಳಚಿ ಒಳಗೆ ಸಾಗಿಸಿದರು. ನಮ್ಮ ಸಣ್ಣ ಯಂತ್ರದಲ್ಲಿದ್ದದ್ದು ಡಾಸ್, ಅವನ ದೊಡ್ಡದರಲ್ಲಿ ಇದ್ದದ್ದು ಯುನಿಕ್ಸ್. ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂದು ಕೇಳಿದ್ದಕ್ಕೆ ನಮ್ಮವರು, "ಮನೆ ನಡೆಸೋ ಯಜಮಾನಿ ಇದ್ದಂಗೆ. ಪಾತ್ರೆ ಪಡಗ ಒಂದೇ ಆದ್ರೂ ಒಬ್ಬೊಬ್ಬಳ ಪದ್ಧತಿ ಒಂದೊಂದು" ಎಂದರು. ಹಾಗಾದರೆ ನನಗೆ ಇದು ಬೇಗ ಅರ್ಥವಾಗಬೇಕು ಎಂದು ಧೈರ್ಯ ಬಂತು.

ಎರಡು ಯಂತ್ರಕ್ಕೂ ಪ್ರಿಂಟರ್ ಒಂದೇ. ಅದು ನಮ್ಮ ಪಡಸಾಲೆಯಲ್ಲಿ. ಕೇಬಲ್ ಬೀದಿ ಬಾಗಿಲಿನಿಂದ ಸುತ್ತಿ ಬರುವಷ್ಟು ಉದ್ದವಾದರೆ ಅಕ್ಷರಗಳು ದಾರಿಯಲ್ಲೇ ಕೆಟ್ಟುಹೋಗುತ್ತವಂತೆ. ಸರಿ, ಉಳಿದದ್ದು ನಡುವಿನ ಗೋಡೆ. ಒಂದು ಭಾನುವಾರ ಇಬ್ಬರೂ ಉಳಿ ಸುತ್ತಿಗೆ ಹಿಡಿದು ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು ಕೊರೆಯತೊಡಗಿದರು. ನಡುವೆ ಭೇಟಿಯಾಗುವುದು ಅವರ ಲೆಕ್ಕ. ಭೇಟಿಯಾಗಲಿಲ್ಲ. ನಮ್ಮವರ ಉಳಿ ಅನ್ವರನ ತೂತಿಗಿಂತ ಒಂದು ಗೇಣು ಪಕ್ಕಕ್ಕೆ ಹೋಗಿ, ಶಮ್ಶಾದಳ ಗೋಧಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟಿಗೆಯ ಚೂರನ್ನು ಉದುರಿಸಿತು.

"ಅಕ್ಕಾ!" ಎಂದು ಆ ಕಡೆಯಿಂದ ಅವಳ ಕೂಗು. "ನಿಮ್ಮ ಯಜಮಾನ್ರಿಗೆ ಹೇಳ್ರಿ, ರೊಟ್ಟಿಗೆ ಹಿಟ್ಟು ಸಾಕು, ಇಟ್ಟಂಗಿ ಬ್ಯಾಡ ಅಂತ!"

ಹೀಗೆ ಶುರುವಾದದ್ದು ನಮ್ಮ ತೂತಿನ ಸಂಬಂಧ. ಗಂಡಸರು ಕೇಬಲಿಗೆಂದು ಮಾಡಿದ ದಾರಿಯಲ್ಲಿ ಕೇಬಲ್ ಬಿಟ್ಟು ಇನ್ನೊಂದಿಷ್ಟು ಜಾಗ ಮಿಕ್ಕಿತ್ತು. ಅದರಲ್ಲಿ ಕರಿಬೇವಿನ ಎಸಳು, ದಾರ ಪೋಣಿಸಿದ ಸೂಜಿ, ಏಲಕ್ಕಿ ಸುತ್ತಿದ ಸಣ್ಣ ಪೊಟ್ಟಣ ಎಲ್ಲ ಓಡಾಡಿದವು. ಕೇಬಲಿನ ಮೂತಿಗೆ ಅರಿಸಿನ ಹತ್ತಿದೆ ಎಂದು ನಮ್ಮವರು ಒಮ್ಮೆ ಸ್ಪಿರಿಟ್ ಹಾಕಿ ಒರೆಸುತ್ತ ಗೊಣಗಿದ್ದು ನೆನಪಿದೆ.

ಎರಡೂ ಕೇಬಲುಗಳು ಬಂದು ಸೇರುತ್ತಿದ್ದುದು ಒಂದು ತಗಡಿನ ಪೆಟ್ಟಿಗೆಗೆ. ಅದಕ್ಕೊಂದು ಕಪ್ಪು ಗುಬ್ಬಿ, ರೇಡಿಯೋದ ತಿರುಪಿನಂಥದ್ದು. ಎಡಕ್ಕೆ ತಿರುಗಿಸಿದರೆ ಪ್ರಿಂಟರ್ ನಮ್ಮ ಯಂತ್ರದ ಮಾತು ಕೇಳುತ್ತದೆ, ಬಲಕ್ಕೆ ತಿರುಗಿಸಿದರೆ ಅವರದ್ದು. ನಮ್ಮವರು ಪಟ್ಟಿ ಅಂಟಿಸಿ ಒಂದು ಕಡೆ 'ನಾವು', ಇನ್ನೊಂದು ಕಡೆ 'ಅವರು' ಎಂದು ಬರೆದರು. ಅನ್ವರ್ ಬಂದು ನೋಡಿ, "ಭಾಭಿ, ನಾನು ಇಲ್ಲಿ ನಿಂತು ಓದಿದ್ರೆ ನಾವು ಅಂದ್ರೆ ಯಾರ್ರೀ?" ಎಂದ. ನನಗೆ ನಾಚಿಕೆಯಾಗಿ ಅದನ್ನು ಕಿತ್ತು 'ಸಣ್ಣದು', 'ದೊಡ್ಡದು' ಎಂದು ಬರೆದು ಅಂಟಿಸಿದೆ.

ಗುಬ್ಬಿ ತಿರುಗಿಸುವ ಹೊಣೆ ನನ್ನದು. ಗಂಡಸರಿಬ್ಬರೂ ಅವರವರ ಯಂತ್ರದ ಮುಂದೆ ಕೂತಿರುತ್ತಿದ್ದರು. ಪ್ರಿಂಟರಿನ ಗದ್ದಲದಲ್ಲಿ ಕೂಗಿದರೆ ಕೇಳಿಸದು. ಶಮ್ಶಾದ್ ಒಂದು ಉಪಾಯ ಮಾಡಿದಳು. ಅನ್ವರನ ಕಡೆ ಕಾಗದ ಬೇಕಾದಾಗ ಅವಳು ಲಟ್ಟಣಿಗೆಯಿಂದ ಗೋಡೆಗೆ ಎರಡು ಸಲ ಬಡಿಯುವುದು. ನಾನು ನಮ್ಮ ಕಡೆ ಅಚ್ಚು ನಿಂತಿದೆಯೇ ನೋಡಿ ಗುಬ್ಬಿ ತಿರುಗಿಸುವುದು, ಆಮೇಲೆ ನನ್ನ ಲಟ್ಟಣಿಗೆಯಿಂದ ಒಂದು ಸಲ ಬಡಿಯುವುದು. ಪ್ರಿಂಟರಿನ ಕೈಪಿಡಿಯಲ್ಲಿ ಇದಕ್ಕೆ ಹ್ಯಾಂಡ್‌ಶೇಕ್ ಎಂಬ ಮಾತಿತ್ತು. ಯಂತ್ರಗಳು ಮಾತಿಗೆ ಮುಂಚೆ ಕೈಕುಲುಕುತ್ತವಂತೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬಲ್ಲವಳು ಎಂಬ ಕೀರ್ತಿಯಿಂದಾಗಿ ಆ ಕೈಪಿಡಿಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸವೂ ನನಗೇ ಬಿದ್ದಿತ್ತು. ಅಕ್ಷರವೆಲ್ಲ ಗೊತ್ತು, ಅರ್ಥ ಒಂದೂ ಗೊತ್ತಿಲ್ಲ. ಆದರೂ ಸಿಸ್ಟರುಗಳು ಕಲಿಸಿದಂತೆ ಅಲ್ಪವಿರಾಮಕ್ಕೆ ನಿಂತು, ಪೂರ್ಣವಿರಾಮಕ್ಕೆ ಉಸಿರೆಳೆದು ಓದುತ್ತಿದ್ದೆ. ಅವರಿಬ್ಬರೂ ಪುರಾಣ ಕೇಳುವವರಂತೆ ತಲೆದೂಗುತ್ತಿದ್ದರು.

ಆದರೆ ಮೊದಲ ದಿನವೇ ದೊಡ್ಡದು ಕೈಕೊಟ್ಟಿತು.

ಅನ್ವರ್ ಒಂದು ಪಟ್ಟಿ ಕಳಿಸಿದ. ಮೊದಲ ಸಾಲು ಸರಿಯಾಗಿ ಬಂತು. ಎರಡನೆಯ ಸಾಲು ಮೊದಲನೆಯದು ಮುಗಿದಲ್ಲಿಂದ, ಒಂದು ಸಾಲು ಕೆಳಗೆ ಶುರುವಾಯಿತು. ಮೂರನೆಯದು ಅದು ಮುಗಿದಲ್ಲಿಂದ. ಹೀಗೆ ಇಳಿದು ಇಳಿದು ಬಲ ಅಂಚಿಗೆ ಬಂದು ಮುಗ್ಗರಿಸಿ, ಮತ್ತೆ ಎಡದಿಂದ ಇಳಿಯತೊಡಗಿತು. ಪುಟದ ತುಂಬ ಮೆಟ್ಟಿಲು. ನಮ್ಮ ಸಣ್ಣ ಯಂತ್ರದಿಂದ ಕಳಿಸಿದರೆ ಅದೇ ಪ್ರಿಂಟರ್ ಮರ್ಯಾದೆಯಿಂದ ಅಚ್ಚು ಹಾಕುತ್ತಿತ್ತು.

ಇದು ಬರಿಯ ಬೇಸರದ ಮಾತಾಗಿದ್ದರೆ ಒಂದು ವಾರ ತಲೆಕೆಡಿಸಿಕೊಂಡು ನಗಬಹುದಿತ್ತು. ಆದರೆ ಹುಬ್ಬಳ್ಳಿಯಲ್ಲಿ ಅನ್ವರನ ಭಾವನ ಬಟ್ಟೆ ಅಂಗಡಿ. ಆತ ಹೇಳಿ ಕಳಿಸಿಯಾಗಿತ್ತು: ಈ ಪೆಟ್ಟಿಗೆಯ ಆಟ ಸಾಕು, ಅಂಗಡಿಗೆ ಬಾ, ಸಂಸಾರ ಕರಕೊಂಡು ಬಾ. ಅನ್ವರ್ ತಪ್ಪಿಸಿಕೊಳ್ಳಲು ಒಂದೇ ದಾರಿ. ಹರಿಹರದ ಒಂದು ಕಾರ್ಖಾನೆಯವರು ಕಾಯಂ ಕೆಲಸ ಕೊಡುವುದಾಗಿ ಹೇಳಿದ್ದರು. ಅವರ ಉಗ್ರಾಣದ ಬಿಡಿಭಾಗಗಳ ಪಟ್ಟಿ ಯುನಿಕ್ಸಿನಲ್ಲಿತ್ತು, ಅದನ್ನು ದೊಡ್ಡದು ಮಾತ್ರ ಓದಬಲ್ಲದು. ಹಾಜರಿ ಪಟ್ಟಿ ಡಾಸಿನಲ್ಲಿತ್ತು, ಅದನ್ನು ಸಣ್ಣದು ಮಾತ್ರ. ಎರಡೂ ಒಂದೇ ಕಾಗದದಲ್ಲಿ, ಒಂದೇ ಅಚ್ಚಿನಲ್ಲಿ ಬರಬೇಕು, ಒಟ್ಟಿಗೆ ಹೊಲಿದಿಡಲು. ಸೋಮವಾರ ಅವರ ಸಾಹೇಬರೊಬ್ಬರು ಖುದ್ದು ಬಂದು ನೋಡುವವರಿದ್ದರು. ಒಪ್ಪಿಗೆಯಾದರೆ ಅನ್ವರ್ ಉಳಿಯುತ್ತಾನೆ. ಇಲ್ಲದಿದ್ದರೆ ಹುಬ್ಬಳ್ಳಿ.

ಶನಿವಾರ ನಮ್ಮ ಪಡಸಾಲೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕೈಪಿಡಿಯಲ್ಲಿ ಪ್ರಿಂಟರಿನ ಹಿಂದೆ ಸಣ್ಣ ಸಣ್ಣ ಸ್ವಿಚ್ಚುಗಳಿವೆ ಎಂದಿತ್ತು. ಅಕ್ಕಿಕಾಳಿನಷ್ಟು ಇದ್ದವು. ನನ್ನ ತಲೆಪಿನ್ನಿನಿಂದ ಅವುಗಳಲ್ಲೊಂದನ್ನು ಮೇಲೆ ಮಾಡಿದರು. ಆಗ ಸಣ್ಣದು ಕಳಿಸಿದ್ದೆಲ್ಲ ಒಂದು ಸಾಲು ಬಿಟ್ಟು ಒಂದು ಸಾಲು ಬರತೊಡಗಿತು. ದೊಡ್ಡದು ಮೊದಲಿನಂತೆಯೇ ಮೆಟ್ಟಿಲಿಳಿಯಿತು.

"ಒಂದು ಕೆಟ್ಟಿತ್ತು, ಈಗ ಎರಡೂ ಕೆಟ್ಟವು" ಎಂದರು ನಮ್ಮವರು.

"ಪ್ರಿಂಟರ್ ನನ್ನ ಯಂತ್ರಕ್ಕೆ ಕೈ ಕುಲುಕ್ತಿಲ್ಲ ಭಾಯ್. ನಾನೇನು ಸಲಾಂ ಹೊಡೀಲೇನು ಅದಕ್ಕ?" ಎಂದ ಅನ್ವರ್. ಎಂದಿನಂತೆ ತಮಾಷೆಯೇ, ಆದರೆ ಮುಖದಲ್ಲಿ ನಗು ಇರಲಿಲ್ಲ. ಸ್ವಿಚ್ಚನ್ನು ಮೊದಲಿದ್ದಲ್ಲಿಗೇ ಇಳಿಸಿ ಎದ್ದು ಹೋದ. ನಾನು ತಂದಿಟ್ಟಿದ್ದ ಮಂಡಕ್ಕಿ ಹಾಗೇ ಮೆತ್ತಗಾಯಿತು.

ಭಾನುವಾರ ಬೆಳಿಗ್ಗೆ ನಮ್ಮವರು ಮಂಡಿಪೇಟೆಯವರ ಪಟ್ಟಿ ಅಚ್ಚಿಗೆ ಹಾಕಿ ಹಿತ್ತಲಿಗೆ ಹೋಗಿದ್ದರು. ಪ್ರಿಂಟರ್ ಬಡಿದುಕೊಳ್ಳುತ್ತಿತ್ತು. ನಾನು ಅವರೆಕಾಳು ಸುಲಿಯುತ್ತ ಕೂತಿದ್ದೆ. ಗೋಡೆಯಾಚೆಯಿಂದ ಟಕ್ ಟಕ್. ಅನ್ವರ್ ಹೊಸದೇನೋ ಪ್ರಯತ್ನ ಮಾಡುತ್ತಿದ್ದಾನೆ ಎಂದು ಆತುರಕ್ಕೆ, ಈ ಕಡೆ ಅಚ್ಚು ನಡೆದಿದೆ ಎಂಬುದನ್ನೂ ನೋಡದೆ ಗುಬ್ಬಿ ತಿರುಗಿಸಿಬಿಟ್ಟೆ. ಸಾಲಿನ ನಡುವೆ ಪ್ರಿಂಟರ್ ಬಿಕ್ಕಿ ನಿಂತಿತು. ಗಾಬರಿಯಾಗಿ ಮತ್ತೆ ಈ ಕಡೆಗೆ ತಿರುಗಿಸಿದೆ. ಒಂದಿಷ್ಟು ಚುಕ್ಕಿ, ಒಂದು ಡಾಲರ್ ಗುರುತು, ಆಮೇಲೆ ಕಡಲೆಬೇಳೆಯ ಮೂಟೆಗಳ ಅರ್ಧ ಸಾಲು. ಆಚೆಯಿಂದ ಮತ್ತೆ ಟಕ್. ಸ್ವಲ್ಪ ತಡೆದು ಟಕ್ ಟಕ್ ಟಕ್. ಇದು ಯಾವ ಹ್ಯಾಂಡ್‌ಶೇಕ್?

ಮಂಡಿಯೂರಿ ಕೂತು ತೂತಿಗೆ ಬಾಯಿ ಕೊಟ್ಟೆ. "ಶಮ್ಶಾದ್, ಎಷ್ಟು ಸಲ ಬಡೀತೀಯೆ? ನಮ್ಮ ಪಟ್ಟಿ ಎಲ್ಲ ಕೆಟ್ಟುಹೋಯ್ತಲ್ಲ!"

ಆಚೆ ಏನನ್ನೋ ಕೆಳಗಿಟ್ಟ ಸದ್ದು. ಆಮೇಲೆ ತೂತಿನ ಹತ್ತಿರಕ್ಕೆ ಬಂದ ಅವಳ ದನಿ. "ಲಟ್ಟಣಿಗಿ ಅಲ್ಲಕ್ಕಾ. ಮೊಳೆ ಕೀಳ್ತಿದೀನಿ."

"ಯಾವ ಮೊಳೆ?"

"ಗೋಡೆ ಮೇಲಿನ ಮೊಳೆ ಎಲ್ಲ. ಗಡಿಯಾರದ್ದು, ಮದುವಿ ಫೋಟೋದ್ದು. ಮನಿ ಬಾಡಿಗಿಗೆ ಕೊಡ್ತಾರಂತೆ. ನಾವು ಹೊಡೆದ ಮೊಳೆ ನಾವೇ ಕಿತ್ತು ಒಯ್ಯಬೇಕು ಅಂತಾರೆ ನಮ್ಮಮ್ಮ. ಬಿಟ್ಟು ಹೋದ್ರೆ ಮನಸ್ಸು ಅಲ್ಲೇ ತಗಲಾಕ್ಕೊಂಡಿರ್ತೈತಂತೆ."

ನನ್ನ ಕೈಯಲ್ಲಿ ಒಂದು ಅವರೆ ಸಿಪ್ಪೆ ಇತ್ತು. ಅದನ್ನೇ ಮುರಿಯುತ್ತ ಕೂತೆ. "ಸೋಮವಾರ ಇನ್ನೂ ಬಂದೇ ಇಲ್ಲವಲ್ಲೇ" ಎಂದೆ.

"ಸೋಮವಾರ ಬಂದ್ರೂ ಆ ಮೆಟ್ಟಿಲು ಇಳಿಯೋದು ನಿಲ್ಲಬೇಕಲ್ಲಕ್ಕಾ. ಇವರು ರಾತ್ರಿ ಊಟಾನೂ ಮಾಡ್ಲಿಲ್ಲ. ನಾನು ಏನ್ ಕೇಳಿದ್ರೂ, ನಿಂಗ ತಿಳಿಯಂಗಿಲ್ಲ ಸುಮ್ನಿರು ಅಂತಾರೆ."

ಮೆಟ್ಟಿಲು. ಆ ಮಾತು ಅವಳ ಬಾಯಲ್ಲಿ ಕೇಳಿದಾಗ ನನಗೆ, ಎಲ್ಲಿಂದಲೋ, ಹರಿಹರದ ಹೊಳೆ ಕಣ್ಣ ಮುಂದೆ ಬಂತು.

ನಾನು ಓದಿದ್ದು ಹರಿಹರದ ಕಾನ್ವೆಂಟಿನಲ್ಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಶಾಲೆ ಬಿಟ್ಟ ಮೇಲೆ ದೊಡ್ಡ ಹುಡುಗಿಯರಿಗೆ ಟೈಪಿಂಗ್ ತರಗತಿ. ಸಿಸ್ಟರ್ ಆಗ್ನೆಸ್ ಎಂಬುವರು ಕೀಲಿಗಳ ಮೇಲೆ ಬಿಳಿ ಕರವಸ್ತ್ರ ಹೊದಿಸಿ, ನೋಡದೆ ಹೊಡೆಯಿರಿ ಎನ್ನುತ್ತಿದ್ದರು. ನಮ್ಮ ಬೆರಳುಗಳು ಆ ಬಟ್ಟೆಯಡಿ ಇಲಿಮರಿಗಳಂತೆ ಓಡಾಡುತ್ತಿದ್ದವು. ಸಾಲು ಮುಗಿಯುವ ಹೊತ್ತಿಗೆ ಗಂಟೆ ಟಿಣ್ ಎನ್ನುತ್ತಿತ್ತು. ಆಗ ಪಕ್ಕದ ಹಿಡಿಕೆ ಹಿಡಿದು ತಳ್ಳಬೇಕು. ಕಾಗದ ಒಂದು ಸಾಲು ಮೇಲೇರುತ್ತದೆ, ಕಾಗದ ಹೊತ್ತ ಗಾಡಿ ಸಾಲಿನ ಮೊದಲಿಗೆ ವಾಪಸು ಬರುತ್ತದೆ. ಒಂದು ತಳ್ಳಿಗೆ ಎರಡು ಕೆಲಸ.

ಗುತ್ತೂರಿನಿಂದ ನಡೆದು ಬರುತ್ತಿದ್ದ ಗಂಗಮ್ಮ ಎಂಬ ಹುಡುಗಿ ಇದ್ದಳು. ಅವಳ ಯಂತ್ರದ ಹಿಡಿಕೆ ಬಿಗಿ. ಅವಳು ಅದರ ಸಹವಾಸವೇ ಬೇಡವೆಂದು ಪಕ್ಕದ ಉರುಟು ಗುಂಡಿಯನ್ನು ತಿರುಗಿಸಿ ಕಾಗದ ಮಾತ್ರ ಏರಿಸುತ್ತಿದ್ದಳು. ಕಾಗದ ಏರಿತು, ಗಾಡಿ ಇದ್ದಲ್ಲೇ ನಿಂತಿತು. ಸಾಲು ಎಷ್ಟು ಚಿಕ್ಕದಿದ್ದರೂ ಮುಂದಿನದು ಅದು ಮುಗಿದಲ್ಲೇ ಶುರು. ಪುಟ ಹೊರಗೆ ತೆಗೆದರೆ ಥೇಟ್ ನಮ್ಮ ತುಂಗಭದ್ರೆಗೆ ಇಳಿಯುವ ಮೆಟ್ಟಿಲು. ಸಿಸ್ಟರ್ ಅದನ್ನು ಎತ್ತಿ ಹಿಡಿದು, "ಗಂಗಮ್ಮ, ಯು ಆರ್ ಗೋಯಿಂಗ್ ಟು ದಿ ರಿವರ್! ರಿಟರ್ನ್, ಚೈಲ್ಡ್, ರಿಟರ್ನ್!" ಎಂದು ಕೂಗುತ್ತಿದ್ದರು. ನಾವು ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಗಂಗಮ್ಮನೂ ನಗುತ್ತಿದ್ದಳು, ಮರುದಿನ ಮತ್ತೆ ಹೊಳೆಗೆ ಇಳಿಯುತ್ತಿದ್ದಳು.

ನಾನು ಇದನ್ನು ಯಾವ ಉಪಾಯವೆಂದೂ ಹೇಳಲಿಲ್ಲ. ಮೊಳೆ ಕೀಳುತ್ತಿದ್ದವಳ ದುಃಖ ಸ್ವಲ್ಪ ಹಗುರಾಗಲಿ ಎಂದು, ತೂತಿಗೆ ಬಾಯಿಟ್ಟು, ಗಂಗಮ್ಮನ ಕಥೆ ಹೇಳಿದೆ ಅಷ್ಟೆ. ಶಮ್ಶಾದ್ ನಕ್ಕಳು. ನಕ್ಕು ನಡುವೆಯೇ ನಿಲ್ಲಿಸಿದಳು.

"ತಡೀರಿ ಅಕ್ಕಾ. ಹಂಗಂದ್ರೆ ಕೆಳಗ ಇಳಿಯೋದು ಬ್ಯಾರೆ, ವಾಪಸ್ ಬರೋದು ಬ್ಯಾರೆ ಏನ್ರಿ?"

"ಟೈಪಿನಲ್ಲಿ ಹಾಗೇ. ಎರಡು ಕೆಲಸ."

ಅವಳು ಎದ್ದು ಹೋದ ಸದ್ದು. ತೂತಿನ ಮೂಲಕ ಪೂರ್ತಿ ಕೇಳುತ್ತಿತ್ತು. ಕದ್ದು ಕೇಳುವ ಅಭ್ಯಾಸ ನನಗಿಲ್ಲ ಎಂದು ಹೇಳಲಾರೆ.

"ರೀ, ಒಂದು ಮಾತು ಕೇಳ್ರಿ. ಕೆಲಸದಾಕಿ ಒಬ್ಬಳೇ, ಯಜಮಾನ್ತೇರು ಇಬ್ಬರು ಅನ್ಕೊಳ್ರಿ. ಆ ಮನಿಯಾಕಿ, ಕೆಳಗ ಇಳಿ, ವಾಪಸ್ ಬಾ ಅಂತ ಎರಡೂ ಹೇಳ್ತಾಳ. ನಮ್ಮ ಮನಿಯಾಕಿ, ಕೆಳಗ ಇಳಿ ಅಂತ ಒಂದೇ ಹೇಳಿ ಸುಮ್ಕಾಗ್ತಾಳ. ಕೆಲಸದಾಕಿ ಏನ್ ಮಾಡಬೇಕು ಪಾಪ? ಹೇಳದೇ ಹೆಂಗ ವಾಪಸ್ ಬರ್ತಾಳ?"

ನನ್ನ ಕಿವಿ ಗೋಡೆಗೆ ಅಂಟಿ ತಣ್ಣಗಾಗಿತ್ತು. ಆಮೇಲೆ ಕುರ್ಚಿ ಕಿರ್ರೆಂದು ಹಿಂದೆ ಸರಿದ ಸದ್ದು, "ಯಾ ಅಲ್ಲಾ" ಎಂಬ ಒಂದು ಉದ್ಗಾರ, ಪುಸ್ತಕದ ಹಾಳೆಗಳು ಬೇಗ ಬೇಗ ಮಗುಚಿದ ಸದ್ದು.

ಮಧ್ಯಾಹ್ನದ ಮಿಲ್ಲಿನ ಸೈರನ್ ಆದ ಮೇಲೆ ಗೋಡೆಗೆ ಟಕ್ ಟಕ್ ಕೇಳಿತು. ಈ ಸಲ ಲಟ್ಟಣಿಗೆಯೇ. ಪ್ರಿಂಟರ್ ಖಾಲಿ ಇದೆ ಎಂದು ಎರಡೆರಡು ಸಲ ನೋಡಿ ಗುಬ್ಬಿ ತಿರುಗಿಸಿದೆ, ಒಂದು ಸಲ ಬಡಿದೆ. ಝರ್ರ್ ಎಂದು ಮೊದಲ ಸಾಲು ಹೋಯಿತು. ಸಾಲಿನ ಕೊನೆಯಲ್ಲಿ, ದೊಡ್ಡದು ಅಚ್ಚು ಹಾಕುವಾಗ ನಾನು ಎಂದೂ ಕೇಳದ ಒಂದು ಸದ್ದು ಕೇಳಿತು. ಅಚ್ಚಿನ ತಲೆ ಬಲದಿಂದ ಎಡಕ್ಕೆ ಸರ್ರನೆ ಸರಿದು ಟಕ್ ಎಂದು ನಿಂತ ಸದ್ದು. ಎರಡನೆಯ ಸಾಲು ಮೊದಲನೆಯದರ ಕೆಳಗೇ ಬಂದು ಕೂತಿತು. ಪ್ರಿಂಟರಿಗೆ ಹೋಗುವ ಪ್ರತಿ ಸಾಲಿನ ಕೊನೆಗೂ ವಾಪಸ್ ಬಾ ಎಂಬುದನ್ನು ಸೇರಿಸು ಎಂದು ಅನ್ವರ್ ದೊಡ್ಡದಕ್ಕೆ ಒಂದೇ ಒಂದು ಸಾಲು ಬರೆದು ತಾಕೀತು ಮಾಡಿದ್ದನಂತೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡಿರುತ್ತಿದ್ದೆ. ಆದರೆ ಸಾಹೇಬರು ಬರುವುದು ಮರುದಿನ, ಮತ್ತು ಶಮ್ಶಾದಳ ಮೊಳೆಗಳು ಇನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. "ಒಪ್ಪಿಗಿ ಆಗೋತನ ಹೊಡೆಯಂಗಿಲ್ಲಕ್ಕಾ" ಎಂದಿದ್ದಳು.

ಸೋಮವಾರ ಹರಿಹರದಿಂದ ಜೀಪು ಬಂತು. ದೇಶಪಾಂಡೆ ಎಂಬ ಸಾಹೇಬರು, ತೆಳ್ಳಗೆ, ಎತ್ತರ. ಕೂಡ್ರಿ ಎಂದರೆ ಕೂಡಲಿಲ್ಲ, ಚಹಾ ಕೊಟ್ಟರೆ ಹಿಡಿದುಕೊಂಡೇ ನಿಂತರು. ಹಾಜರಿ ಪಟ್ಟಿ ಸಣ್ಣದರಿಂದ ಸಲೀಸಾಗಿ ಬಂತು. ಕಾಗದ ಬೆಳಕಿಗೆ ಹಿಡಿದು ನೋಡಿದರು. "ಇನ್ನೊಂದು?" ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ಬೀದಿಯಲ್ಲಿ ಸೊಪ್ಪಿನವಳ ಕೂಗು ಒಮ್ಮೆಲೇ ಹತ್ತಿರ ಬಂದಂತೆ ಕೇಳಿತು. ಸಾಹೇಬರು ಗಡಿಯಾರ ನೋಡಿಕೊಂಡರು. ನಮ್ಮವರ ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳುವುದು ಅವರಿಗೆ ಹೊಳೆಯಲಿಲ್ಲ. ಸಾಹೇಬರು ಪೆಟ್ಟಿಗೆಯ ಪಕ್ಕ ನಿಂತಿದ್ದ ನನ್ನನ್ನೂ, ನನ್ನ ಕೈಯಲ್ಲಿದ್ದ ಲಟ್ಟಣಿಗೆಯನ್ನೂ ನೋಡಿ, "ಇವರು?" ಎಂದರು.

"ಆಪರೇಟರ್ ಸರ್" ಎಂದುಬಿಟ್ಟರು ನಮ್ಮವರು.

ಎರಡು ಆಪರೇಟಿಂಗ್ ಸಿಸ್ಟಮ್‌ಗಳ ನಡುವೆ ಮೂರನೆಯದು ನಾನೇ ಎಂಬುದು ಆವತ್ತು ತಿಳಿಯಿತು.

ಕರೆಂಟು ಬಂತು. ಸಣ್ಣದು ಕಣ್ಣು ಬಿಟ್ಟಿತು. ದೊಡ್ಡದು ಏಳಲು ಯಾವಾಗಲೂ ಹೊತ್ತು, ಸ್ನಾನ ಸಂಧ್ಯಾವಂದನೆ ಎಲ್ಲ ಮುಗಿಸಿಯೇ ಬರುವಂಥದ್ದು. ಕೊನೆಗೆ ಟಕ್ ಟಕ್. ಗುಬ್ಬಿ ತಿರುಗಿಸಿ ಒಂದು ಬಡಿದೆ. ಝರ್ರ್ ಎಂದು ಮೊದಲ ಸಾಲು. ಆಮೇಲೆ ನಾನು ಕಾಯುತ್ತಿದ್ದ ಆ ಸರ್ರನೆಯ ಸದ್ದು ಬರಲಿಲ್ಲ. ಬಲಗಡೆಯಲ್ಲೇ ನಿಂತು ಎರಡನೆಯ ಸಾಲು ಶುರು ಮಾಡಿತು.

ಕರೆಂಟು ಹೋದಾಗ ದೊಡ್ಡದು ಅನ್ವರ್ ಮಾಡಿದ್ದ ತಾಕೀತನ್ನೂ ಮರೆತಿತ್ತು. ಆತುರದಲ್ಲಿ ಅವನೂ ಮತ್ತೆ ಹೇಳುವುದು ಮರೆತಿದ್ದ. ಸಾಹೇಬರು ಕಾಗದದ ಕಡೆ ಬಗ್ಗತೊಡಗಿದರು. ನಮ್ಮಲ್ಲಿ ಇಂಥದ್ದಕ್ಕೆ ಗೊತ್ತಾದ ಬಡಿತವೇ ಇರಲಿಲ್ಲ. ಗುಬ್ಬಿಯನ್ನು ಈ ಕಡೆ ತಿರುಗಿಸಿ ಅಚ್ಚು ನಿಲ್ಲಿಸಿದೆ, ಲಟ್ಟಣಿಗೆ ಎತ್ತಿ ಗೋಡೆಗೆ ಬಡಿದೆ, ಬಡಿದೆ, ಸುಣ್ಣ ಉದುರುವಂತೆ ಬಡಿದೆ.

ಆಚೆಯಿಂದ ಶಮ್ಶಾದಳ ದನಿ, ಇಡೀ ಓಣಿಗೆ ಕೇಳುವಂತೆ: "ರೀ! ವಾಪಸ್ ಬಾ ಅಂತ ಹೇಳಿದ್ರೇನ್ರೀ ಅದಕ್ಕ?"

"ಯಾರು ವಾಪಸ್ ಬರಬೇಕು?" ಎಂದರು ಸಾಹೇಬರು.

ನಾನು ಕೆಟ್ಟ ಹಾಳೆಯನ್ನು ಹರಿದು ಮಡಚಿ ಸೆರಗಿನಡಿ ಇಟ್ಟುಕೊಂಡು, ನನ್ನ ಕಾನ್ವೆಂಟು ನನಗೆ ಕಲಿಸಿದ ಅತ್ಯಂತ ನಯವಾದ ದನಿಯಲ್ಲಿ, "ಜಸ್ಟ್ ಎ ಟೆಸ್ಟ್ ಪೇಜ್, ಸರ್" ಎಂದೆ. ಅಷ್ಟು ವರ್ಷದ ಇಂಗ್ಲಿಷ್ ಶಿಕ್ಷಣ ಒಂದೇ ವಾಕ್ಯದಲ್ಲಿ ಖರ್ಚಾಯಿತು. ಸಾಹೇಬರು ಹುಬ್ಬೇರಿಸಿದರು.

ಟಕ್ ಟಕ್. ತಿರುಗಿಸಿದೆ. ಝರ್ರ್, ಸರ್ರ್, ಟಕ್. ಮತ್ತೆ ಝರ್ರ್, ಸರ್ರ್, ಟಕ್. ಬೋಲ್ಟು, ನಟ್ಟು, ವಾಷರು, ಬೇರಿಂಗು, ಒಂದರ ಕೆಳಗೊಂದು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ಬಂದವು. ಸಾಹೇಬರು ಎರಡೂ ಪಟ್ಟಿಗಳನ್ನು ಅಂಚಿಗೆ ಅಂಚು ಹೊಂದಿಸಿ ಹಿಡಿದು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ಬುಧವಾರದಿಂದ ಕೆಲಸ ಶುರು ಮಾಡ್ರಿ, ಅಚ್ಚಿನ ಕಾಗದ ಕಳಿಸ್ತೀವಿ" ಎಂದರು. ಬಾಗಿಲಲ್ಲಿ ನಿಂತು ನನ್ನ ಲಟ್ಟಣಿಗೆಯನ್ನು ಇನ್ನೊಮ್ಮೆ ನೋಡಿ ಜೀಪು ಹತ್ತಿದರು.

ಜೀಪಿನ ಸದ್ದು ಓಣಿಯ ತಿರುವಿನಲ್ಲಿ ಅಡಗಿತು. ನಮ್ಮವರು ಆಗಷ್ಟೇ ಕನ್ನಡಕ ಒರೆಸಿಕೊಂಡು, ಅರ್ಧ ಕೆಟ್ಟಿದ್ದ ಮಂಡಿಪೇಟೆಯ ಪಟ್ಟಿಯನ್ನು ಮತ್ತೆ ಅಚ್ಚಿಗೆ ಹಾಕಿದರು. ಸಣ್ಣದು ಸಮಾಧಾನವಾಗಿ ಕೆಲಸ ಶುರು ಮಾಡಿತು. ಅಷ್ಟರಲ್ಲಿ ಗೋಡೆಗೆ ಟಕ್ ಟಕ್. ಕೈ ತಾನಾಗಿ ಗುಬ್ಬಿ ತಿರುಗಿಸಿಬಿಟ್ಟಿತು. ಪ್ರಿಂಟರ್ ಸಾಲಿನ ನಡುವೆ ಬಿಕ್ಕಿ ನಿಂತಿತು. ಕಡಲೆಬೇಳೆಯ ಮೂಟೆಗಳು ಎರಡನೆಯ ಸಲ ಅರ್ಧಕ್ಕೆ ನಿಂತವು.

"ಏನೇ ಅದು ಮತ್ತೆ?" ಎಂದರು ನಮ್ಮವರು.

ನಾನು ಬಗ್ಗಿ ತೂತಿಗೆ ಕಿವಿ ಕೊಟ್ಟೆ. ಟಕ್ ಟಕ್ ಟಕ್. ಸ್ವಲ್ಪ ತಡೆ. ಬಿಸ್ಕತ್ತಿನ ಡಬ್ಬಿಯಲ್ಲಿ ಕೈಯಾಡಿಸಿದ ಸದ್ದು. ಮತ್ತೆ ಟಕ್ ಟಕ್.

"ಬಡಿಯಲಿ ಬಿಡಿ" ಎಂದೆ. "ಗಡಿಯಾರದ್ದಾಯ್ತು. ಈಗ ಮದುವೆ ಫೋಟೋದ್ದು ಇರಬೇಕು."

ಅವರು ನನ್ನ ಮುಖ ನೋಡಿದರು. ಕೆಟ್ಟ ಕಾಗದವನ್ನು ಹರಿದು ಮೂಲೆಗೆ ಹಾಕಿ, ಆಚೆಯ ಸುತ್ತಿಗೆ ನಿಲ್ಲುವವರೆಗೂ ಅಚ್ಚನ್ನು ಮತ್ತೆ ಶುರು ಮಾಡಲಿಲ್ಲ.

ಈಗ ಹನುಮಂತಪ್ಪ ಚಹಾ ಮುಗಿಸಿ, ಅಂಗೈ ಮೇಲೆ ಪುಟ್ಟಿ ಕಲಸಿಕೊಂಡು ಬಂದು ನಿಂತಿದ್ದಾನೆ. ಇವತ್ತಿನ ಪ್ರಿಂಟರುಗಳಿಗೆ ಕೇಬಲೇ ಬೇಡ, ತೂತಿನ ಮಾತು ಎಲ್ಲಿಂದ ಬಂತು?

"ಏನ್ ಮಾಡ್ಲಿ ಅಮ್ಮಾರೆ, ಮುಚ್ಚಲೇನ್ರಿ?"

"ನಾನೊಬ್ಬಳೇ ಹೇಳೋ ಮಾತಲ್ಲಪ್ಪ ಇದು. ಆ ಕಡೆಯವರನ್ನೂ ಕೇಳಬೇಕು" ಎಂದು ಎದ್ದು, ಲಟ್ಟಣಿಗೆ ತರಲು ಒಳಗೆ ಹೋದೆ.